ಕರೆಂಟು ಹೋದ ಮೇಲೂ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಅವನ ಹೆಂಡತಿ ಮತ್ತು ಕರೆಂಟ್ ಬಿಲ್ಲು ತರುವವನು, ಇಬ್ಬರೇ ಇರಬೇಕು. ಉಳಿದವರಿಗೆಲ್ಲ ಅವನು ಕಿವಿ ಮೇಸ್ತ್ರಿ. ಫ್ರಿಜ್ ರಿಪೇರಿ ಅವನ ಕಸುಬು. ಬೇರೆ ಮೆಕ್ಯಾನಿಕ್ಕುಗಳು ಬಂದ ತಕ್ಷಣ ಸ್ಕ್ರೂಡ್ರೈವರ್ ತೆಗೆದು ಹಿಂದಿನ ತಗಡು ಬಿಚ್ಚಿದರೆ, ಇವನು ಮೊದಲು ಫ್ರಿಜ್ಜಿನ ಪಕ್ಕಕ್ಕೆ ಕಿವಿ ಒತ್ತಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾಯಬೇಕು. ಯಾರಾದರೂ ಕೆಮ್ಮಿದರೆ ಕಣ್ಣು ತೆರೆಯದೆಯೇ ಒಂದು ಕೈ ಎತ್ತುತ್ತಿದ್ದ. ಆಮೇಲೆ ನೆಟ್ಟಗೆ ನಿಂತು, "ಗ್ಯಾಸ್ ಸೋರಿದೆ" ಅಂತಲೋ "ಒಳಗಿನ ಫ್ಯಾನಿಗೆ ಐಸು ತಾಗ್ತಿದೆ" ಅಂತಲೋ ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಇದರಿಂದ ಅವನಿಗೆ ಒಂದಿಷ್ಟು ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು.

ಇಂಥ ಕಿವಿ ಅಂಗಡಿಯಲ್ಲಿ ಅನ್ನ ಹಾಕುತ್ತದೆ, ಮನೆಯಲ್ಲಿ ಜಗಳ ತರುತ್ತದೆ. ಮೇಸ್ತ್ರಿಯ ಮನೆಯಲ್ಲಿ ಮೂರೇ ಜನ: ಅವನು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಅವನ ಹೆಂಡತಿ, ಮತ್ತು ಹೆಂಡತಿಯ ತಾಯಿ. ಈ ಅತ್ತೆ ಲಂಗ ಹಾಕುವ ವಯಸ್ಸಿನಲ್ಲೇ ನೂಲಿನ ಮಿಲ್ಲಿಗೆ ಕೆಲಸಕ್ಕೆ ಸೇರಿ, ಕೂದಲು ಬೆಳ್ಳಗಾದ ಮೇಲೆ ಹೊರಗೆ ಬಂದವರು. ಗುಣದಲ್ಲಿ ಬಂಗಾರ. ಆದರೆ ಅವರಿಗೆ ಎಂಥ ಚಳಿಯಲ್ಲೂ ತಲೆಯ ಮೇಲೆ ಫ್ಯಾನು ತಿರುಗುತ್ತಿರಬೇಕು. ಎರಡು ಶಾಲು ಹೊದ್ದು ಫ್ಯಾನಿನ ಕೆಳಗೆ ಕೂರುವ ಹೆಂಗಸನ್ನು ಮೇಸ್ತ್ರಿ ಬೇರೆಲ್ಲೂ ನೋಡಿರಲಿಲ್ಲ. ಅದು ಸಾಲದು ಅಂತ ಪಕ್ಕದಲ್ಲಿ ಒಂದು ರೇಡಿಯೋ, ಸದಾ ಸಣ್ಣಗೆ ಗೊಣಗುತ್ತಿರುತ್ತಿತ್ತು. ಅದರಲ್ಲಿ ಎಷ್ಟೋ ಸಲ ಯಾವ ಸ್ಟೇಷನ್ನೂ ಇರುತ್ತಿರಲಿಲ್ಲ, ಬರೀ ಸುಯ್ ಎನ್ನುವ ಸದ್ದು. ಅಡುಗೆಮನೆಯ ನಲ್ಲಿಯನ್ನೂ ಅವರು ಪೂರ್ತಿ ತಿರುಗಿಸುತ್ತಿರಲಿಲ್ಲ, ಅದು ತೊಟ್ಟಿಕ್ಕುತ್ತಲೇ ಇರಬೇಕು.

ಮೇಸ್ತ್ರಿ ಸಂಜೆ ಮನೆಗೆ ಬಂದವನೇ ಚಪ್ಪಲಿ ಬಿಟ್ಟು ಮೊದಲು ನಲ್ಲಿ ಬಿಗಿಮಾಡುತ್ತಿದ್ದ, ಆಮೇಲೆ ರೇಡಿಯೋ, ಆಮೇಲೆ ಫ್ಯಾನು. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಮೂರೂ ಮತ್ತೆ ಶುರುವಾಗಿರುತ್ತಿದ್ದವು. ಇದರ ಬಗ್ಗೆ ಅಳಿಯ ಅತ್ತೆ ಎದುರೆದುರು ಒಂದು ಮಾತೂ ಆಡಿದವರಲ್ಲ. ವರ್ಷಾನುಗಟ್ಟಲೆ ಇಬ್ಬರೂ ನಗುನಗುತ್ತಲೇ ಸ್ವಿಚ್ಚು ಹಾಕಿ ತೆಗೆದು ಹಾಕಿ ತೆಗೆದು ಸಂಸಾರ ಸಾಗಿಸಿದ್ದರು.

ಹೀಗಿರುವಾಗ ಬೇಕರಿಯವಳ ಫ್ರಿಜ್ಜು ಅಂಗಡಿಗೆ ಬಂತು.

ಬೇಕರಿಯವಳು ಬೀದಿಯ ಕೊನೆಯಲ್ಲಿ ಕೇಕು ಮಾಡಿ ಮಾರುವ ಗಟ್ಟಿಗಿತ್ತಿ. ಅವಳ ಫ್ರಿಜ್ಜಿನ ಬಾಗಿಲ ರಬ್ಬರ್ ಹರಿದಿತ್ತು, ಅಷ್ಟೇ. ರಬ್ಬರ್ ಹಾಕಿ ಕಳಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೇಸ್ತ್ರಿ ರಬ್ಬರ್ ಹಾಕಿ, ಅಭ್ಯಾಸಬಲದಿಂದ ಕಿವಿ ಒತ್ತಿದ. ಒಳಗೆ ಎಲ್ಲೋ ಒಂದು ಸಣ್ಣ ಸಿಳ್ಳೆ. ಸೂಜಿಯ ಮೊನೆಯಷ್ಟು ಸಣ್ಣದು, ಆದರೆ ಬಿಡದೆ ಈಈಈ ಎನ್ನುತ್ತಿತ್ತು. ಕಂಪ್ರೆಸರ್ ಸಾಯುವ ಮೊದಲು ಹೀಗೆ ಕೂಗುವುದುಂಟು.

"ನಿಮ್ಮ ಕಂಪ್ರೆಸರ್ ಹೋಗೋದರಲ್ಲಿದೆ," ಎಂದು ಅವಳಿಗೆ ಹೇಳಿದ.

"ತಣ್ಣಗೆ ಚೆನ್ನಾಗೇ ಆಗ್ತಿತ್ತಲ್ಲಣ್ಣ?"

"ಈಗ ಆಗುತ್ತೆ. ಕೆಟ್ಟು ನಿಂತ ಮೇಲೆ ಬಂದು ಅಳಬೇಡಿ."

ಕಿವಿ ಮೇಸ್ತ್ರಿಯ ಮಾತಿಗೆ ಆ ಬೀದಿಯಲ್ಲಿ ಎದುರು ಮಾತಿಲ್ಲ. ಅವಳು ತಲೆಯಾಡಿಸಿ ಹೋದಳು. ಅವನು ಹಳೆಯದನ್ನು ಕಿತ್ತು, ಹೊಸ ಕಂಪ್ರೆಸರ್ ಕೂರಿಸಿ, ಪೈಪುಗಳಿಗೆ ಬೆಸುಗೆ ಹಾಕಿ, ಗ್ಯಾಸು ತುಂಬಿ ಚಾಲೂ ಮಾಡಿದ. ಕಿವಿ ಒತ್ತಿದರೆ ಸಿಳ್ಳೆ ಅಲ್ಲೇ ಇದೆ. ಹೊಸದೂ ಕೆಟ್ಟದ್ದೇ ಬಂದಿದೆ ಎಂದು ಬಿಡಿಭಾಗ ಮಾರುವವನಿಗೆ ಬಾಯಿಗೆ ಬಂದಂತೆ ಬೈದು ಇನ್ನೊಂದು ತರಿಸಿದ. ಅದೂ ಕೂಗಿತು. ರಿಲೇ ಬದಲಿಸಿದ, ಫ್ಯಾನು ಬದಲಿಸಿದ, ಕಾಲುಗಳ ಕೆಳಗೆ ರಬ್ಬರ್ ಬಿಲ್ಲೆ ಇಟ್ಟ. ಇಷ್ಟರಲ್ಲಿ ಅಂಗಡಿಯಲ್ಲಿದ್ದ ಬೇರೆ ಫ್ರಿಜ್ಜುಗಳೂ ಒಂದೊಂದಾಗಿ ಅದೇ ರಾಗ ಎತ್ತತೊಡಗಿದ್ದವು. ಈ ವರ್ಷ ಮಾರುಕಟ್ಟೆಗೆ ಬಂದ ಮಾಲೇ ಸರಿಯಿಲ್ಲ ಎಂದು ಮೇಸ್ತ್ರಿ ತೀರ್ಮಾನಿಸಿದ. ತನ್ನ ಕಿವಿಯ ಮೇಲೆ ಅವನಿಗೆ ಅನುಮಾನ ಬರುವುದಕ್ಕೆ ಯಾವ ಕಾರಣವೂ ಇರಲಿಲ್ಲ.

ಒಂದು ಮಧ್ಯಾಹ್ನ ಬೇಕರಿಯವಳು ಸೊಂಟಕ್ಕೆ ಕೈಯಿಟ್ಟು ಅಂಗಡಿಯ ಬಾಗಿಲಲ್ಲಿ ನಿಂತಳು. "ಅಣ್ಣ, ನನ್ನ ಕ್ರೀಮೆಲ್ಲ ಹುಳಿ ಬರ್ತಿದೆ. ಪಕ್ಕದ ಮನೆ ಫ್ರಿಜ್ಜಿಗೆ ಹೊತ್ತು ಹೊತ್ತು ಸಾಕಾಯ್ತು. ನಾನು ಕೇಳಿದ್ದು ಒಂದು ರಬ್ಬರ್!"

"ಬನ್ನಿ ಇಲ್ಲಿ, ನೀವೇ ಕೇಳಿ," ಎಂದು ಅವಳನ್ನು ಕರೆದ. ಅವಳು ಫ್ರಿಜ್ಜಿಗೆ ಕಿವಿಯಿಟ್ಟಳು. ಅವನೂ ಇಟ್ಟ. ಇಬ್ಬರೂ ಆ ಕಡೆ ಈ ಕಡೆ ಫ್ರಿಜ್ಜನ್ನು ತಬ್ಬಿಕೊಂಡವರ ಹಾಗೆ ನಿಂತಿದ್ದರು. ಆಗಲೇ ಕರೆಂಟು ಹೋಯಿತು. ಅಂಗಡಿಯ ಫ್ರಿಜ್ಜುಗಳೆಲ್ಲ ಒಮ್ಮೆ ನಡುಗಿ ನಿಂತವು. ಪಕ್ಕದ ಝೆರಾಕ್ಸ್ ಯಂತ್ರ, ಎದುರಿನ ಹಿಟ್ಟಿನ ಗಿರಣಿ, ಬೀದಿಯ ಅಷ್ಟೂ ಮೋಟಾರುಗಳು ಸುಮ್ಮನಾದವು.

"ಈಗ ಕೇಳಿಸ್ತಾ? ಎಷ್ಟು ಜೋರಾಗಿದೆ ನೋಡಿ!" ಎಂದ ಮೇಸ್ತ್ರಿ, ಕಣ್ಣು ಮುಚ್ಚಿಕೊಂಡೇ.

ಬೇಕರಿಯವಳು ನಿಧಾನವಾಗಿ ಕಿವಿ ತೆಗೆದಳು. "ಅಣ್ಣ," ಎಂದಳು, ಬೈಯಲು ಬಂದವಳ ದನಿಯೇ ಬದಲಾಗಿತ್ತು, "ಕರೆಂಟೇ ಇಲ್ಲವಲ್ಲ."

ಮೇಸ್ತ್ರಿ ಕಣ್ಣು ತೆರೆದ. ಫ್ರಿಜ್ಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ, ಸಿಳ್ಳೆ ಅವನ ಜೊತೆಗೇ ಬಂತು. ಬಾಗಿಲಾಚೆ ಹೋದ, ಅಲ್ಲಿಗೂ ಬಂತು. ಎರಡೂ ಕಿವಿ ಮುಚ್ಚಿಕೊಂಡರೆ ಇನ್ನೂ ಜೋರಾಯಿತು. ಅವನ ಮುಖ ನೋಡಿ ಬೇಕರಿಯವಳು ಒಂದು ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟಳು. ಒಳ್ಳೆಯ ಫ್ರಿಜ್ಜೊಂದನ್ನು ತಾನು ವಾರಗಟ್ಟಲೆ ಕೊಯ್ದು ಹಾಕಿದ್ದೇನೆ ಎನ್ನುವುದು ಅವನಿಗೆ ಹೊಳೆದದ್ದು ಅಲ್ಲೇ ಕೂತಿರುವಾಗ.

ಅವಳ ಫ್ರಿಜ್ಜನ್ನು ಸರಿಮಾಡಿ ಅದೇ ದಿನ ಕಳಿಸಿದ, ಕೈ ಮುಗಿದು ಕ್ಷಮೆಯನ್ನೂ ಕೇಳಿದ. ಅವಳೇನೋ ದೊಡ್ಡ ಮನಸ್ಸು ಮಾಡಿ ಮರೆತಳು. ಇವನಿಗೆ ಮರೆಯಲಾಗಲಿಲ್ಲ. ಕಿವಿ ಒತ್ತಿದರೆ ಯಾವುದು ಯಂತ್ರದ್ದು ಯಾವುದು ತಲೆಯದ್ದು ಗೊತ್ತಾಗದ ಮೇಲೆ ಫ್ರಿಜ್ಜು ಮುಟ್ಟುವುದು ಹೇಗೆ? ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ಬಂದ ಗಿರಾಕಿಗಳಿಗೆ "ನಾಳೆ ನೋಡೋಣ" ಎನ್ನತೊಡಗಿದ. ಕೊನೆಗೆ ಒಂದು ತಗಡಿನ ಹಲಗೆಗೆ ಬಿಳಿ ಬಣ್ಣ ಬಳಿದು, ಕೆಂಪಕ್ಷರದಲ್ಲಿ 'ಅಂಗಡಿ ಬಾಡಿಗೆಗೆ ಇದೆ' ಎಂದು ಬರೆದು, ಒಣಗಲು ಗೋಡೆಗೆ ಒರಗಿಸಿಟ್ಟ. ಆಸ್ಪತ್ರೆಯವರು ಏನು ಹೇಳುತ್ತಾರೋ ನೋಡಿ ತೂಗುಹಾಕುವುದು ಎಂದುಕೊಂಡ.

ಕಿವಿಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಮೇಣ ತೆಗೆದು, "ಹೊರಗಡೆ ಏನೂ ತೊಂದರೆ ಕಾಣ್ತಿಲ್ಲ. ಕೇಳುವ ಪರೀಕ್ಷೆ ಆಗಬೇಕು," ಎಂದರು. ಪರೀಕ್ಷೆಗೆ ಸರದಿ ಉದ್ದವಿತ್ತು. ಅಲ್ಲಿಯವರೆಗೆ ಕಾಯಬೇಕು.

ಕಾಯುವ ಹೊತ್ತಿನಲ್ಲಿ ಮೇಸ್ತ್ರಿ ತನ್ನ ತಲೆಗೆ ತೋಚಿದ ವೈದ್ಯ ಶುರುಮಾಡಿದ. ಕಂಪ್ರೆಸರ್ ಕಾದರೆ ಏನು ಮಾಡುತ್ತಾರೆ? ಬಂದ್ ಮಾಡಿ ಆರಲು ಬಿಡುತ್ತಾರೆ. ಕಿವಿಯೂ ದುಡಿದು ದುಡಿದು ಕಾದಿದೆ, ಅದಕ್ಕೂ ವಿಶ್ರಾಂತಿ ಬೇಕು. ಹಾಗಾಗಿ ಮನೆಯಲ್ಲಿ ಇನ್ನು ಮೇಲೆ ಒಂದು ಸದ್ದೂ ಇರಕೂಡದು. ಮೊದಲ ಸಲ ಬಾಯಿಬಿಟ್ಟು ಅತ್ತೆಗೆ ಹೇಳಿದ, "ಅತ್ತೆ, ಸ್ವಲ್ಪ ದಿನ ಆ ರೇಡಿಯೋ, ಫ್ಯಾನು ಏನೂ ಬೇಡ. ನನ್ನ ಕೈಲಿ ಆಗ್ತಿಲ್ಲ."

"ಅಯ್ಯೋ, ಅದಕ್ಕೇನಂತೆ ಅಳಿಯಂದ್ರೇ," ಎಂದು ಅತ್ತೆ ತಾವೇ ಎದ್ದು ರೇಡಿಯೋವನ್ನು ಕಪಾಟಿನ ಮೇಲೆ ಬಟ್ಟೆ ಮುಚ್ಚಿ ಇಟ್ಟರು. ಮೇಸ್ತ್ರಿ ನಲ್ಲಿಗೆ ಹೊಸ ವಾಷರ್ ಹಾಕಿದ. ಗೋಡೆ ಗಡಿಯಾರದ ಸೆಲ್ಲು ಕಿತ್ತ. ಹೆಂಡತಿ ಪಾತ್ರೆ ಇಡುವಾಗ ಕೆಳಗೆ ಬಟ್ಟೆ ಹಾಸಬೇಕಾಯಿತು. ಅವನು ಕಿವಿಗೆ ಹತ್ತಿ ತುರುಕಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದ.

ಸಿಳ್ಳೆ ಆರಲಿಲ್ಲ. ಮನೆ ನಿಶ್ಶಬ್ದವಾದಷ್ಟೂ ಅದಕ್ಕೆ ಜಾಗ ಹೆಚ್ಚಾಗಿ, ತನ್ನದೇ ಮನೆ ಎನ್ನುವಂತೆ ಕಾಲು ಚಾಚಿ ಕೂತಿತು. ಅನ್ನ ರುಚಿಸಲಿಲ್ಲ, ಮಾತು ಬೇಡವಾಯಿತು. ಹೆಂಡತಿ, "ರೀ, ಅದರ ಕಡೆ ಗಮನ ಕೊಡಬೇಡಿ," ಎಂದಾಗಲೆಲ್ಲ ಅವನಿಗೆ ಉರಿದುಹೋಗುತ್ತಿತ್ತು. ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಇಲ್ಲದ್ದನ್ನು ಕಲ್ಪಿಸಿಕೊಂಡು ಒದ್ದಾಡುತ್ತಿದ್ದಾನೇನೋ ಎಂಬ ಒಂದು ಎಳೆ ಅನುಮಾನ ಅವಳ ಮುಖದಲ್ಲಿ ಇಣುಕುತ್ತಿತ್ತು, ಅದು ಅವನಿಗೆ ಕಾಣುತ್ತಿತ್ತು. ಕಾಲು ಮುರಿದರೆ ಕಟ್ಟು ತೋರಿಸಬಹುದು. ಇದನ್ನು ಯಾರಿಗೆ, ಹೇಗೆ ತೋರಿಸುವುದು? ಅಷ್ಟು ಒಂಟಿ ಅವನು ಜೀವಮಾನದಲ್ಲೇ ಆಗಿರಲಿಲ್ಲ.

ವಿಚಿತ್ರವೆಂದರೆ ಅತ್ತೆಯೂ ಸೊರಗತೊಡಗಿದರು. ರಾತ್ರಿ ನಿದ್ದೆ ಬರುತ್ತಿಲ್ಲ ಎಂದರು. ಹಗಲು ಒಂದು ಕಡೆ ಕೂರಲಾರದೆ ಮನೆಯೊಳಗೇ ಅಡ್ಡಾಡುತ್ತಿದ್ದರು. ಒಂದು ದಿನ ನೋಡಿದರೆ ಮಹಡಿಮೆಟ್ಟಿಲ ಕೆಳಗೆ, ನೀರಿನ ಪಂಪಿನ ಪಕ್ಕ, ಮೋಟಾರು ಓಡುವಷ್ಟು ಹೊತ್ತು ಚಾಪೆ ಹಾಕಿಕೊಂಡು ಕೂತಿದ್ದರು. ಮಗಳಿಗೆ ಗಾಬರಿಯಾಯಿತು. ಬಿಪಿ ಇರಬಹುದು, ಅರಳುಮರಳು ಶುರುವಾಯಿತೋ ಏನೋ ಎಂದುಕೊಂಡು, ಮೇಸ್ತ್ರಿಯ ಪರೀಕ್ಷೆಯ ದಿನವೇ ಅವರನ್ನೂ ಆಸ್ಪತ್ರೆಗೆ ಹೊರಡಿಸಿದಳು. ಆಟೋದಲ್ಲಿ ಮಗಳು ನಡುವೆ, ಒಂದು ಕಡೆ ಕಿವಿಗೆ ಹತ್ತಿಯಿಟ್ಟ ಗಂಡ, ಇನ್ನೊಂದು ಕಡೆ ಇಂಜಿನ್ನಿನ ಗಡಗಡ ಕೇಳುತ್ತ ವಾರಗಳ ಮೇಲೆ ನೆಮ್ಮದಿಯಾಗಿ ತೂಕಡಿಸುತ್ತಿದ್ದ ತಾಯಿ.

ಕೇಳುವ ಪರೀಕ್ಷೆ ಮಾಡುವವಳು ನಗುಮುಖದ ಹೆಂಗಸು. ದಪ್ಪ ಗೋಡೆಯ, ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಮೇಸ್ತ್ರಿಯನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿದಳು. ಬಾಗಿಲು ಮುಚ್ಚಿದ್ದೇ ತಡ, ಹೊರಗಿನ ಸದ್ದೆಲ್ಲ ಸತ್ತುಹೋಗಿ, ಸಿಳ್ಳೆ ಇಡೀ ಕೋಣೆ ತುಂಬಿತು. ಅವಳು ಒಂದಿಷ್ಟು ಹೊತ್ತು ಟುಯ್ ಟುಯ್ ಸದ್ದು ಕೇಳಿಸಿ, ಕೇಳಿದಾಗ ಗುಂಡಿ ಒತ್ತಿಸಿದಳು. ಆಮೇಲೆ ಹೆಡ್‌ಫೋನಿನಲ್ಲಿ ಅವಳ ದನಿ ಬಂತು. "ಈಗ ನಿಮ್ಮ ಸದ್ದು ಯಾವುದು ಅಂತ ಹುಡುಕೋಣ. ನಾನು ಒಂದೊಂದು ಕೇಳಿಸ್ತೀನಿ. ಇದಕ್ಕಿಂತ ಮೇಲಾ, ಕೆಳಗಾ ಹೇಳ್ತಾ ಹೋಗಿ."

ಇಷ್ಟು ದಿನದಲ್ಲಿ ಅವನ ಸದ್ದಿನ ಬಗ್ಗೆ ಯಾರೂ ಹೀಗೆ ಕೇಳಿರಲಿಲ್ಲ. ಮೇಸ್ತ್ರಿ ನೆಟ್ಟಗೆ ಕೂತ. "ಮೇಲೆ," ಎಂದ. "ಇನ್ನೂ ಮೇಲೆ. ಅಯ್ಯೋ, ದಾಟಿಹೋಯ್ತು, ಕೆಳಗೆ ಬನ್ನಿ. ಹತ್ತಿರ ಬಂತು, ಆದ್ರೆ ನಂದು ಇನ್ನೂ ಸ್ವಲ್ಪ ಸಣ್ಣದು. ಒಂದು ಕೂದಲಷ್ಟು ಮೇಲೆ."

"ಇಷ್ಟು ಕಟ್ಟುನಿಟ್ಟಾಗಿ ಹೇಳೋರು ನನಗೆ ಸಿಕ್ಕೇ ಇಲ್ಲ," ಎಂದು ಗಾಜಿನಾಚೆ ನಕ್ಕಳು ಅವಳು. "ಏನು ಕೆಲಸ ಮಾಡ್ತೀರಿ?"

"ಫ್ರಿಜ್ಜು," ಎಂದ ಮೇಸ್ತ್ರಿ. ಮರುಕ್ಷಣ ಚಂಗನೆ ಎದ್ದು ನಿಂತ. "ಇದೇ! ಇದೇ ಅದು! ನಿಲ್ಲಿಸಬೇಡಿ!"

ಹೊರಗಿನದು ಯಾವುದು, ಒಳಗಿನದು ಯಾವುದು ತಿಳಿಯದಷ್ಟು ಸರಿಯಾಗಿ ಎರಡೂ ಒಂದರ ಮೇಲೊಂದು ಕೂತಿದ್ದವು. ಶತ್ರು ಕೊನೆಗೂ ಮುಖ ತೋರಿಸಿದ ಹಾಗಾಗಿ ಅವನ ಕಣ್ಣಲ್ಲಿ ನೀರು ಬಂತು. ಕಿಟಕಿಯಾಚೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಯತ್ತ ಬೆರಳು ತೋರಿಸಿ, "ಇದನ್ನ ಅವಳಿಗೆ ಒಂದು ಸಲ ಕೇಳಿಸ್ತೀರಾ?" ಎಂದು ಬೇಡಿಕೊಂಡ.

ಹೆಂಡತಿ ಒಳಗೆ ಬಂದು ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಹುಬ್ಬು ಗಂಟಿಕ್ಕಿತು. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಹೆಡ್‌ಫೋನಿಗೆ ಹೋಯಿತು, ಕಿತ್ತು ತೆಗೆಯುವಂತೆ. ಆದರೆ ತೆಗೆಯಲಿಲ್ಲ, ಗಂಡನ ಮುಖ ನೋಡುತ್ತ ಹಾಗೇ ಕೂತಿದ್ದಳು.

"ಇದು ಯಾವಾಗ ನಿಲ್ಲುತ್ತೆ?" ಎಂದಳು.

"ನಿಲ್ಲಲ್ಲ."

"ಇದನ್ನ ಇಟ್ಕೊಂಡು ನೀವು ನನ್ನ ಜೊತೆ ಮಾತಾಡ್ತಾ ಇದ್ರಾ? ಊಟ ಮಾಡ್ತಾ ಇದ್ರಾ?" ಎಂದಳು ಅವಳು. ಗಮನ ಕೊಡಬೇಡಿ ಎಂದು ತಾನು ಎಷ್ಟು ಸಲೀಸಾಗಿ ಹೇಳಿದ್ದೆ ಎನ್ನುವುದು ನೆನಪಾಯಿತು. ಅವನ ಕೈ ಹಿಡಿದುಕೊಂಡಳು. ಮೇಸ್ತ್ರಿಗೆ ಆ ಕ್ಷಣ ಅರ್ಧ ಕಾಯಿಲೆ ವಾಸಿಯಾಯಿತು ಎಂದರೆ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಕೊಡೇ ಇಲ್ಲಿ, ನಾನೂ ಕೇಳ್ತೀನಿ. ನನ್ನ ಅಳಿಯಂದ್ರನ್ನ ಗೋಳು ಹೊಯ್ಕೊಳ್ತಿರೋದು ಯಾವುದು ನೋಡೋಣ," ಎಂದು ಮಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತರು. ಹೆಡ್‌ಫೋನ್ ತುರುಬಿಗೆ ಸಿಕ್ಕಿ ವಾಲಿತು, ಮಗಳು ಸರಿಮಾಡಿದಳು. ಅತ್ತೆ ಕೈಕಟ್ಟಿ ಕಾದರು. ಕಾಯುತ್ತಲೇ ಇದ್ದರು.

"ಶುರು ಮಾಡಮ್ಮ," ಎಂದರು ಕೊನೆಗೆ.

"ಆಗ್ಲೇ ಶುರು ಆಗಿದೆ ಅಜ್ಜಿ. ಇನ್ನೂ ಸ್ವಲ್ಪ ಜೋರು ಮಾಡ್ತೀನಿ."

"ಎಲ್ಲಿ ಆಗಿದೆ? ಬರೀ ಸುಮ್ಮನಿದ್ದಾಗಿನ ಸದ್ದು ಬರ್ತಿದೆ."

ಪರೀಕ್ಷೆಯವಳು ತಿರುಗಿಸುತ್ತಿದ್ದ ಗುಂಡಿಯನ್ನು ಹಾಗೇ ಬಿಟ್ಟಳು. "ಸುಮ್ಮನಿದ್ದಾಗಿನ ಸದ್ದು ಅಂದ್ರೆ ಯಾವುದು ಅಜ್ಜಿ?"

"ಅದೇ ಕಣಮ್ಮ. ಸುತ್ತ ಏನೂ ಸದ್ದಿಲ್ಲದಾಗ ಎಲ್ರಿಗೂ ಕೇಳುತ್ತಲ್ಲ, ಈಈಈ ಅಂತ."

ಕೋಣೆಯಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು, "ಅಮ್ಮ, ಎಲ್ರಿಗೂ ಕೇಳಲ್ಲ," ಎಂದಳು.

"ನಿನಗೆ ಕೇಳಲ್ವಾ?"

"ಇಲ್ಲ."

"ಮತ್ತೆ ಸುಮ್ಮನಿದ್ದಾಗ ನಿನಗೆ ಏನು ಕೇಳುತ್ತೆ?"

"ಏನೂ ಇಲ್ಲಮ್ಮ."

"ಏನೂ ಇಲ್ವಾ?" ಅತ್ತೆ ಮಗಳನ್ನು ನೋಡಿದ ರೀತಿಯಲ್ಲಿ ನಿಜವಾದ ಕನಿಕರವಿತ್ತು. "ಪಾಪ," ಎಂದರು.

ಆಮೇಲೆ ಒಂದೊಂದಾಗಿ ಹೊರಬಂತು. ಮಿಲ್ಲಿನಲ್ಲಿ ಸಾಲುಸಾಲು ಯಂತ್ರಗಳ ನಡುವೆ ಅವರ ಜೊತೆ ದುಡಿದ ಹೆಂಗಸರಿಗೆಲ್ಲ ಆ ಸದ್ದು ಇತ್ತು. ಯಾರೂ ಅದರ ಬಗ್ಗೆ ಮಾತಾಡಿದವರಲ್ಲ. ಮೂಗಿದೆ, ಕಿವಿಯಿದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಹಾಗೆ, ಅದು ಮನುಷ್ಯರಿಗೆಲ್ಲ ಇರುವುದು ಎಂದೇ ಅವರು ತಿಳಿದಿದ್ದರು. ಅಳಿಯ ತಿಂಗಳಿಂದ ಸದ್ದು ಸದ್ದು ಎಂದು ನರಳಿದ್ದು ಬೇರೆ ಯಾವುದೋ ದೊಡ್ಡ ಭಯಂಕರ ಸದ್ದಿಗೆ ಎಂದು ಭಾವಿಸಿ, ಪಾಪದ ಹುಡುಗ ಎಂದು ಮರುಗಿದ್ದರು.

"ಅದು ಬಂದಾಗ ನೀವು ಏನು ಮಾಡ್ತೀರಿ ಅತ್ತೆ?" ಎಂದು ಮೇಸ್ತ್ರಿ ಕೇಳಿದ. ಕೇಳುವಾಗಲೇ ಅವನಿಗೆ ಉತ್ತರ ಹೊಳೆಯತೊಡಗಿತ್ತು.

"ಮಾಡೋದೇನು? ಬಂದ್ರೆ ಬರಲಿ, ಇದ್ರೆ ಇರಲಿ. ಒಂದು ಫ್ಯಾನ್ ಹಾಕ್ಕೊಂಡ್ರೆ, ರೇಡಿಯೋ ಸಣ್ಣಗೆ ಇಟ್ಕೊಂಡ್ರೆ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ಪೂರ್ತಿ ಸುಮ್ಮನಿದ್ರೆ ಮಾತ್ರ ಅದಕ್ಕೆ ಕೊಬ್ಬು. ಆಗ ನಿದ್ದೆ ಮಾಡೋಕೆ ಬಿಡಲ್ಲ." ಅಷ್ಟು ಹೇಳಿ ಅವರು ನಾಲಿಗೆ ಕಚ್ಚಿಕೊಂಡರು. "ನಿಮ್ಮನ್ನ ದೂರಿದ್ದಲ್ಲ ಅಳಿಯಂದ್ರೇ."

ಮೇಸ್ತ್ರಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ವರ್ಷಗಟ್ಟಲೆ ಸಂಜೆ ಮನೆಗೆ ಹೋಗಿ ತಾನು ಆರಿಸಿದ್ದು ಈ ಮುದುಕಿಯ ಔಷಧವನ್ನು. ಈ ತಿಂಗಳಂತೂ ಒಂದು ಹನಿ ಬಿಡದಂತೆ ವಾಷರ್ ಹಾಕಿ ಕಿತ್ತುಕೊಂಡಿದ್ದ. ಅವರು ಒಂದು ಮಾತೂ ಆಡದೆ ಪಂಪಿನ ಪಕ್ಕ ಚಾಪೆ ಹಾಸಿಕೊಂಡಿದ್ದರು. "ತಪ್ಪಾಯ್ತು ಅತ್ತೆ," ಎಂದ, ಎಲ್ಲರ ಎದುರೇ. ಅತ್ತೆ ಅವನ ತಲೆಗೆ ಒಂದು ಮೊಟಕಿದರು.

ಪರೀಕ್ಷೆಯವಳು ಗ್ರಾಫು ತೋರಿಸಿ ವಿವರಿಸಿದಳು. ಮೇಲಿನ ಸಣ್ಣ ಸದ್ದುಗಳು ಮೇಸ್ತ್ರಿಗೆ ಮೊದಲಿನಷ್ಟು ಕೇಳುತ್ತಿಲ್ಲ, ಆ ಕೊರತೆಯನ್ನು ಮಿದುಳು ತಾನೇ ಒಂದು ಸದ್ದು ಹುಟ್ಟಿಸಿ ತುಂಬಿಕೊಳ್ಳುತ್ತಿದೆ. ಇದನ್ನು ಅಳಿಸುವ ಮಾತ್ರೆಯಿಲ್ಲ, ಆ ಆಸೆ ಬೇಡ. ಆದರೆ ಇದು ಅಪಾಯದ್ದಲ್ಲ ಎಂದು ಮಿದುಳಿಗೆ ಮನವರಿಕೆಯಾದರೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ನಿಶ್ಶಬ್ದ ಬೇಡ, ಹಿತವಾದ ಸಣ್ಣ ಸದ್ದು ಇರಲಿ. ಹತ್ತಿ ಕಿತ್ತು ಬಿಸಾಕಿ. ಬೇಕಾದರೆ ಮುಂದೆ ಕಿವಿಯ ಮೆಷಿನ್ನೂ ನೋಡೋಣ. "ಉಳಿದದ್ದು ನಿಮ್ಮ ಅತ್ತೆ ಹೇಳಿಬಿಟ್ರಲ್ಲ," ಎಂದು ನಕ್ಕಳು. ಅತ್ತೆಯ ಕಿವಿಯ ಪರೀಕ್ಷೆಗೂ ಒಂದು ದಿನ ಗೊತ್ತುಮಾಡಿ ಕಳಿಸಿದಳು.

ಮನೆಗೆ ಬಂದವನೇ ಮೇಸ್ತ್ರಿ ಸ್ಟೂಲು ಹತ್ತಿ ರೇಡಿಯೋ ಇಳಿಸಿದ. ಫ್ಯಾನು ಹಾಕಿದ. ಗಡಿಯಾರಕ್ಕೆ ಸೆಲ್ಲು ಬಂತು. ನಲ್ಲಿಯ ವಾಷರ್ ಕೀಳಲು ಹೋದಾಗ ಮಾತ್ರ ಹೆಂಡತಿ, "ನೀರು ಪೋಲು ಮಾಡೋಕೆ ನಾನು ಬಿಡಲ್ಲ," ಎಂದು ಅಡ್ಡ ನಿಂತಳು. ಆ ರಾತ್ರಿ ಅತ್ತೆ ಗೊರಕೆ ಹೊಡೆದರು. ಆ ಗೊರಕೆ ಕೇಳುತ್ತ ಮೇಸ್ತ್ರಿಗೂ ಜೊಂಪು ಹತ್ತಿತು.

ಸದ್ದು ಹೋಯಿತೆ ಎಂದು ಕೇಳಬೇಡಿ. ಹೋಗಲಿಲ್ಲ. ಒಮ್ಮೊಮ್ಮೆ ದಿನವೆಲ್ಲ ತಲೆ ತಿಂದುಬಿಡುತ್ತಿತ್ತು. ಒಮ್ಮೊಮ್ಮೆ ಊಟದ ಮಧ್ಯೆ, ಅರೆ, ಬೆಳಿಗ್ಗೆಯಿಂದ ನೆನಪೇ ಇರಲಿಲ್ಲವಲ್ಲ ಅನ್ನಿಸಿ, ಹಾಗೆ ನೆನೆಸಿಕೊಂಡ ತಪ್ಪಿಗೆ ಅದು ಮತ್ತೆ ಶುರುವಾಗುತ್ತಿತ್ತು. ಆದರೂ ಮನೆಯಲ್ಲಿ ಬದುಕು ಹಗುರಾಯಿತು. ಅಂಗಡಿಯದ್ದೇ ಪ್ರಶ್ನೆ. ಹಲಗೆಯ ಬಣ್ಣ ಎಂದೋ ಒಣಗಿತ್ತು.

ಒಂದು ಸಂಜೆ ಅದನ್ನು ಅತ್ತೆಯ ಮುಂದೆ ಹೇಳಿಕೊಂಡ. "ಕಿವಿಯನ್ನ ನಂಬೋಕಾಗಲ್ಲ ಅತ್ತೆ. ಇನ್ನು ಫ್ರಿಜ್ಜು ಹೇಗೆ ಮುಟ್ಟಲಿ?"

"ಮುಟ್ಟದೆ ಏನು? ಮುಟ್ಟಲೇಬೇಕು," ಎಂದರು ಅತ್ತೆ. "ಮಿಲ್ಲಲ್ಲಿ ಯಾವಳಿಗೆ ಏನು ಕೇಳ್ತಿತ್ತು? ಪಕ್ಕದವಳು ಕಿರುಚಿದ್ರೂ ಕೇಳ್ತಿರಲಿಲ್ಲ. ಕೈಯಿಟ್ಟು ನೋಡ್ತಿದ್ವಿ. ಯಂತ್ರದ ಮೈಮೇಲೆ ಅಂಗೈ ಇಟ್ರೆ ಯಾವ ಕಡ್ಡಿ ಅದುರ್ತಿದೆ, ಯಾವುದಕ್ಕೆ ಎಣ್ಣೆ ಬೇಕು, ಎಲ್ಲ ಗೊತ್ತಾಗ್ತಿತ್ತು." ಹಾಗೆಂದು ಅವರು ಎದ್ದು ಹೋಗಿ ಮನೆಯ ಫ್ರಿಜ್ಜಿನ ಬೆನ್ನಿಗೆ ಮಗುವಿನ ಬೆನ್ನು ತಟ್ಟುವವರ ಹಾಗೆ ಕೈಯಿಟ್ಟರು. "ನಿಮ್ಮದೂ ಇಡಿ. ಒತ್ತಬೇಡಿ, ಸುಮ್ಮನೆ ಇಡಿ. ಕೇಳೋಕೆ ಹೋಗಬೇಡಿ."

ಮೇಸ್ತ್ರಿ ಇಟ್ಟ. ಮೊದಲು ಬರೀ ಗುಂಯ್ ಎನ್ನುವ ನಡುಕ. ಇಟ್ಟುಕೊಂಡೇ ಇದ್ದಾಗ ಆ ನಡುಕದೊಳಗೆ ಎರಡು ಬಗೆ ಇರುವುದು ತಿಳಿಯಿತು, ಕಂಪ್ರೆಸರಿನದು ದಪ್ಪ, ಫ್ಯಾನಿನದು ತೆಳು. ಅಂಗೈಯಲ್ಲಿ ಸಿಳ್ಳೆ ಇರಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಒಂದು ಯಂತ್ರ ಅವನಿಗೆ ತನ್ನ ಮಾತನ್ನಷ್ಟೇ ಹೇಳುತ್ತಿತ್ತು.

ಮಾರನೆಯ ದಿನದಿಂದ ಅಂಗಡಿಯಲ್ಲಿದ್ದ ಫ್ರಿಜ್ಜುಗಳ ಮೇಲೆಲ್ಲ ಕೈಯಿಟ್ಟು ಪಾಠ ಶುರುವಾಯಿತು. ಕೆಟ್ಟದ್ದರ ಮೇಲೆ, ಸರಿಯಿದ್ದದ್ದರ ಮೇಲೆ, ಮತ್ತೆ ಕೆಟ್ಟದ್ದರ ಮೇಲೆ. ತಪ್ಪುಗಳೂ ಆದವು. ಅದಕ್ಕೇ ಕಿವಿಯನ್ನೂ ಪೂರ್ತಿ ಬಿಡದೆ ಒಂದು ಹೊಸ ನಿಯಮ ಮಾಡಿಕೊಂಡ: ಯಾವುದೇ ಸದ್ದು ಕೇಳಿದರೆ ಮೊದಲು ಸ್ವಿಚ್ಚು ಆರಿಸುವುದು. ನಿಂತರೆ ಅದು ಫ್ರಿಜ್ಜಿನದು, ನಿಲ್ಲದಿದ್ದರೆ ತನ್ನದು. ಇಷ್ಟು ಸುಲಭದ್ದು ಮೊದಲೇ ಹೊಳೆಯದ್ದಕ್ಕೆ ತನ್ನನ್ನೇ ಬೈದುಕೊಂಡ. ಜಂಬ ಇರುವಲ್ಲಿ ಸ್ವಿಚ್ಚು ಆರಿಸಿ ನೋಡುವ ಬುದ್ಧಿ ಬರುವುದು ಕಷ್ಟ.

ಬೇಕರಿಯವಳು ಮತ್ತೆ ಬರುತ್ತಾಳೆಂದು ಅವನು ಎಣಿಸಿರಲಿಲ್ಲ. ಬಂದಳು, ತಳ್ಳುಗಾಡಿಯಲ್ಲಿ ಫ್ರಿಜ್ಜು ಹೇರಿಕೊಂಡು. "ಅಣ್ಣ, ಈ ಸಲ ನಿಜವಾಗ್ಲೂ ಸದ್ದು ಬರ್ತಿದೆ. ನಾನು ಕೇಳಿದೀನಿ, ನನ್ನ ಗಂಡ ಕೇಳಿದಾನೆ. ನಿಮ್ಮ ಕಿವಿ ತಂಟೆಗೆ ಬರಲ್ಲ, ಹೆದರಬೇಡಿ."

ಅವನಿಗೆ ಹೆದರಿಕೆಯಾಗಿಯೇ ಇತ್ತು. ಬೀದಿಯ ಇಬ್ಬರು ಮೂವರು ಮಜಾ ನೋಡಲು ನಿಂತರು. ಚಾಲೂ ಮಾಡಿದ. ಅವನ ಸಿಳ್ಳೆ ಹಾಜರಿ ಹಾಕಿತು, ಅದರ ಕೆಳಗೆ ಇನ್ನೇನೋ ಕರಕರ ಎನ್ನುತ್ತಿತ್ತು. ಸ್ವಿಚ್ಚು ಆರಿಸಿದ. ಕರಕರ ನಿಂತಿತು, ಸಿಳ್ಳೆ ಉಳಿಯಿತು. "ಇದು ನಂದು," ಎಂದ ಗಟ್ಟಿಯಾಗಿ, ಯಾರಿಗೂ ಅಂಜದೆ. ಮತ್ತೆ ಚಾಲೂ ಮಾಡಿ ಕಂಪ್ರೆಸರಿನ ಮೇಲೆ ಅಂಗೈ ಇಟ್ಟ. ಅದು ಸಲೀಸಾಗಿ ಉಸಿರಾಡುತ್ತಿತ್ತು. ಅಂಗೈಯನ್ನು ಮೇಲಕ್ಕೆ ಸರಿಸುತ್ತ ಹೋದಾಗ, ಒಳಗಿನ ಫ್ಯಾನಿನ ಹತ್ತಿರ, ಬೆರಳ ತುದಿಗೆ ಏನೋ ಪದೇಪದೇ ತಟ್ಟಿತು. "ಕಂಪ್ರೆಸರ್ ಗಟ್ಟಿಯಾಗಿದೆ. ಫ್ಯಾನಿನ ಒಂದು ರೆಕ್ಕೆ ಬಿರುಕು ಬಿಟ್ಟಿದೆ," ಎಂದ.

ಬಿಚ್ಚಿದ. ರೆಕ್ಕೆ ಬಿರುಕು ಬಿಟ್ಟಿತ್ತು. ಬೇಕರಿಯವಳು, "ಇನ್ನು ಕಿವಿ ಮೇಸ್ತ್ರಿ ಅನ್ನೋ ಹಾಗಿಲ್ಲ, ಕೈ ಮೇಸ್ತ್ರಿ ಅನ್ನಬೇಕು," ಎಂದಳು. ನಿಂತವರು ನಕ್ಕರು, ಅವನೂ ನಕ್ಕ. ಅವಳು ಹೋದ ಮೇಲೆ ಆ ತಗಡಿನ ಹಲಗೆಯನ್ನು ಎತ್ತಿಕೊಂಡು, ಬರೆದ ಮುಖ ಕೆಳಗೆ ಮಾಡಿ ಗೋಡೆಗೆ ಬಡಿದು, ಒಂದು ಶೆಲ್ಫು ಮಾಡಿದ. ಅಂಗಡಿಗೆಂದು ತಂದಿದ್ದ ಸಣ್ಣ ರೇಡಿಯೋವನ್ನು ಅದರ ಮೇಲಿಟ್ಟ.

ಆ ಸಂಜೆ ಮನೆಗೆ ಬಂದಾಗ ಅತ್ತೆ ಎರಡು ಶಾಲು ಹೊದ್ದು, ಕಣ್ಣು ಮುಚ್ಚಿ, ಫ್ಯಾನಿನ ಕೆಳಗೆ ಕೂತಿದ್ದರು. ರೇಡಿಯೋ ಸುಯ್ ಎನ್ನುತ್ತಿತ್ತು. ಅವನೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಬೇಕರಿಯವಳ ಫ್ರಿಜ್ಜಿನ ಕಥೆಯನ್ನು ರೆಕ್ಕೆಪುಕ್ಕ ಸೇರಿಸಿ ಹೇಳಿದ. ಕಥೆ ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಫ್ಯಾನು ಸುತ್ತಿ ಸುತ್ತಿ ನಿಂತಿತು. ರೇಡಿಯೋ ಸುಮ್ಮನಾಯಿತು. ಅಡುಗೆಮನೆಯ ಫ್ರಿಜ್ಜು ನಡುಗಿ ನಿಂತಿತು. ಬೀದಿಯೂ ತಣ್ಣಗಾಯಿತು.

ಅಳಿಯ ಅತ್ತೆ ಇಬ್ಬರೂ ಕಿಟಕಿಯ ಮಬ್ಬು ಬೆಳಕಿನಲ್ಲಿ ಅಲುಗಾಡದೆ ಕೂತಿದ್ದರು.

"ಬಂತಾ ಅಳಿಯಂದ್ರೇ?" ಎಂದು ಅತ್ತೆ ಕೇಳಿದರು.

"ಬಂತು ಅತ್ತೆ. ನಿಮ್ಮದು?"

"ಆಗ್ಲೇ ಬಂದು ಕೂತಿದೆ."

ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ಏನಮ್ಮಾ ಬಂತು, ಕರೆಂಟಾ?"

"ಕರೆಂಟಲ್ಲ ಕಣೇ, ನಮ್ಮೋರು," ಎಂದರು ಅತ್ತೆ. "ನೀನು ನಿನ್ನ ಕೆಲಸ ನೋಡ್ಕೋ. ನಾವು ಇಲ್ಲಿ ಮಾತಾಡ್ತಾ ಕೂತಿರ್ತೀವಿ."

ಮೇಸ್ತ್ರಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಬಿರುಕು ಬಿಟ್ಟ ರೆಕ್ಕೆಯ ಕಥೆಯನ್ನು ಮೊದಲಿನಿಂದ ಮತ್ತೆ ಶುರುಮಾಡಿದ.